ಕಾರ್ಡಿಗೆ ಕಟ್ಟಿದ ದುಡ್ಡು ಗಿಟ್ಟುತ್ತದೆಯೇ?

ವರ್ಷಕ್ಕಿಷ್ಟು ಎಂದು ಅಂಗಡಿಗೇ ದುಡ್ಡು ಕಟ್ಟಿ, ಆಮೇಲೆ ಅದೇ ಅಂಗಡಿಯಲ್ಲಿ ಮತ್ತೆ ದುಡ್ಡು ಕೊಟ್ಟು ಸಾಮಾನು ತರುವುದೆಂದರೆ ಕೆ.ಆರ್. ನಗರ, ಸಾಲಿಗ್ರಾಮ, ಮಿರ್ಲೆ ಕಡೆಯ ಹಿರಿಯರಿಗೆ ಮೊದಲು ನಂಬಿಕೆಯೇ ಬರುವುದಿಲ್ಲ. ಅಂಗಡಿಯವನೇ ಕರೆದು ಕೂರಿಸಿ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು ಸಾಮಾನು ಕಟ್ಟಿಕೊಡುವ ಊರಿನಲ್ಲಿ, ಬಾಗಿಲು ದಾಟುವುದಕ್ಕೇ ಶುಲ್ಕ ಯಾಕೆ? ಆದರೆ ಪ್ರಶ್ನೆ ಈಗ ಊರಿನೊಳಗೂ ಬಂದಿದೆ. ಮಗಳು ಮೊಬೈಲಿನಲ್ಲಿ ಅಮೆಜಾನ್ ಪ್ರೈಮ್ ತೆಗೆದುಕೊಳ್ಳೋಣವೇ ಎನ್ನುತ್ತಾಳೆ. ಅಂಗಡಿ ಇಟ್ಟಿರುವ ಅಣ್ಣ ಬೆಂಗಳೂರಿನ ಸಗಟು ಮಳಿಗೆಯ ಕಾರ್ಡು ಮಾಡಿಸುವ ಯೋಚನೆಯಲ್ಲಿದ್ದಾನೆ. ಅಮೆರಿಕದಲ್ಲಿರುವ ಮಗ ಕಾಸ್ಟ್‌ಕೋದಿಂದ ಒಂದು ಗಾಡಿ ತುಂಬ ಸಾಮಾನು ತಂದು ವಿಡಿಯೊ ಕಾಲ್‌ನಲ್ಲಿ ತೋರಿಸುತ್ತಾನೆ. ಇವುಗಳಲ್ಲಿ ಯಾವುದು ಗಿಟ್ಟುತ್ತದೆ, ಯಾವುದು ಕೈ ಕಚ್ಚುತ್ತದೆ ಎಂಬುದನ್ನು ಮನೆಯ ಖರ್ಚಿನ ಚೀಟಿ ಹಿಡಿದುಕೊಂಡೇ ನೋಡಬೇಕು.

ಈ ಪದ್ಧತಿ ಹುಟ್ಟಿದ್ದು ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ. 1976ರಲ್ಲಿ ಸಾಲ್ ಪ್ರೈಸ್ ಎಂಬ ವ್ಯಾಪಾರಿ ಹಳೆಯ ವಿಮಾನದ ಕೊಟ್ಟಿಗೆಯೊಂದರಲ್ಲಿ ‘ಪ್ರೈಸ್ ಕ್ಲಬ್’ ತೆರೆದರು. ಮೊದಲು ಸಣ್ಣ ವ್ಯಾಪಾರಿಗಳಿಗೆ ಮಾತ್ರ ಪ್ರವೇಶ, ವರ್ಷಕ್ಕೆ 25 ಡಾಲರ್ ಶುಲ್ಕ. 1983ರಲ್ಲಿ ಸಿಯಾಟಲ್‌ನಲ್ಲಿ ಕಾಸ್ಟ್‌ಕೋ ಶುರುವಾಯಿತು, ಅದೇ ವರ್ಷ ವಾಲ್‌ಮಾರ್ಟ್‌ನ ಸ್ಯಾಮ್ಸ್ ಕ್ಲಬ್ ಬಂತು, 1993ರಲ್ಲಿ ಪ್ರೈಸ್ ಕ್ಲಬ್ ಮತ್ತು ಕಾಸ್ಟ್‌ಕೋ ಒಂದಾದವು. ಇವರ ವ್ಯಾಪಾರದ ಗುಟ್ಟು ಸರಳವಾದದ್ದು. ಸಾಮಾನಿನ ಮೇಲೆ ಲಾಭ ಬಹಳ ಕಡಿಮೆ ಇಡುವುದು, ಶುಲ್ಕದಿಂದ ಬದುಕುವುದು. ಸಾಮಾನ್ಯ ಸೂಪರ್ ಮಾರ್ಕೆಟ್ಟುಗಳು ಹತ್ತಾರು ಸಾವಿರ ಬಗೆಯ ಸಾಮಾನು ಜೋಡಿಸಿದರೆ ಕಾಸ್ಟ್‌ಕೋ ಇಡುವುದು ಸುಮಾರು 4,000 ಬಗೆ ಮಾತ್ರ. 2024ರ ಹಣಕಾಸು ವರ್ಷದಲ್ಲಿ ಅದಕ್ಕೆ ಸದಸ್ಯತ್ವದ ಶುಲ್ಕದಿಂದಲೇ 480 ಕೋಟಿ ಡಾಲರ್‌ಗೂ ಹೆಚ್ಚು ಬಂತು. ಗ್ರಾಹಕ ತಿಳಿದಿರಬೇಕಾದದ್ದೂ ಇಲ್ಲೇ ಇದೆ. ಕಾರ್ಡು ಕೊಂಡವರೆಲ್ಲ ಅದನ್ನು ಪೂರ್ತಿ ಬಳಸುವುದಿಲ್ಲ. ಬಳಸದವರ ದುಡ್ಡೂ ಕಂಪನಿಯ ಲೆಕ್ಕಕ್ಕೇ ಜಮೆಯಾಗುತ್ತದೆ.

ಭಾರತದಲ್ಲಿ ಮನೆಮಂದಿಗೆ ಇಂಥ ಕ್ಲಬ್ ಬರಲಿಲ್ಲ. ಬಂದದ್ದು ವ್ಯಾಪಾರಿಗಳ ಸಗಟು ಮಳಿಗೆ. ಜರ್ಮನಿಯ ಮೆಟ್ರೊ ಕಂಪನಿ 2003ರಲ್ಲಿ ದೇಶದಲ್ಲೇ ಮೊದಲ ಮಳಿಗೆಗಳನ್ನು ತೆರೆದದ್ದು ಬೆಂಗಳೂರಿನ ಯಶವಂತಪುರ ಮತ್ತು ಕನಕಪುರ ರಸ್ತೆಯಲ್ಲಿ. ವಾಲ್‌ಮಾರ್ಟ್‌ನ ‘ಬೆಸ್ಟ್ ಪ್ರೈಸ್’ 2009ರಲ್ಲಿ ಅಮೃತಸರದಿಂದ ಶುರುವಾಗಿ, 2020ರಲ್ಲಿ ಫ್ಲಿಪ್‌ಕಾರ್ಟ್ ಕೈಗೆ ಹೋಯಿತು. ಮೆಟ್ರೊದ ಭಾರತದ ವ್ಯವಹಾರವನ್ನು 2,850 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ರಿಲಯನ್ಸ್ ರೀಟೇಲ್ ಡಿಸೆಂಬರ್ 2022ರಲ್ಲಿ ಪ್ರಕಟಿಸಿ, ಮರುವರ್ಷ ವಹಿಸಿಕೊಂಡಿತು. ಇಲ್ಲಿ ಕಾರ್ಡಿಗೆ ದುಡ್ಡಿಗಿಂತ ದಾಖಲೆ ಮುಖ್ಯ. ಕಿರಾಣಿ ಅಂಗಡಿ, ಹೋಟೆಲು, ಅಡುಗೆ ಗುತ್ತಿಗೆ, ಕಚೇರಿ ಹೀಗೆ ಏನಾದರೊಂದು ವ್ಯವಹಾರ ಇರುವವರಿಗೆಂದು ಮಾಡಿದ ಏರ್ಪಾಡು ಇದು.

ಈಗ ಮಿರ್ಲೆಯ ಒಂದು ಮನೆಯ ಲೆಕ್ಕಕ್ಕೆ ಬರೋಣ. ಐದು ಜನರ ಸಂಸಾರ. ನೀರಾವರಿ ಸೀಮೆ, ಅಕ್ಕಿ ಸ್ವಂತ ಗದ್ದೆಯದು, ಇಲ್ಲವೇ ಅನ್ನಭಾಗ್ಯದ್ದು. ಹಾಗಾಗಿ ಅಕ್ಕಿಯನ್ನು ಲೆಕ್ಕದಿಂದ ತೆಗೆದಿಡಬೇಕು. ಇದನ್ನು ಮರೆತು ‘ಅಕ್ಕಿ ಮೂಟೆಗೆ ಇಷ್ಟು ರಿಯಾಯಿತಿ’ ಎಂಬ ಬೋರ್ಡು ನೋಡಿ ಹೊರಡುವವರಿಗೆ ಮೊದಲ ಹೆಜ್ಜೆಯಲ್ಲೇ ಲೆಕ್ಕ ತಪ್ಪುತ್ತದೆ. ಅಂಗಡಿಯಿಂದ ತರಲೇಬೇಕಾದದ್ದು ಅಡುಗೆ ಎಣ್ಣೆ, ತೊಗರಿಬೇಳೆ, ಸಕ್ಕರೆ, ಕಾಫಿಪುಡಿ ಟೀಪುಡಿ, ಸೋಪು, ಬಟ್ಟೆ ಒಗೆಯುವ ಪುಡಿ. ದೊಡ್ಡ ಮಳಿಗೆಯಲ್ಲಿ ಕೊಂಡರೆ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆಯಲ್ಲಿ ಲೀಟರಿಗೆ 8 ರೂಪಾಯಿ, ಮೂರು ಕೆ.ಜಿ. ಬೇಳೆಯಲ್ಲಿ ಕೆ.ಜಿ.ಗೆ 12, ನಾಲ್ಕು ಕೆ.ಜಿ. ಸಕ್ಕರೆಯಲ್ಲಿ ಕೆ.ಜಿ.ಗೆ 3, ಸೋಪು ಪುಡಿಗಳಲ್ಲಿ ಒಟ್ಟು 50, ಕಾಫಿ ಟೀಯಲ್ಲಿ 20 ರೂಪಾಯಿ ಉಳಿಯುತ್ತದೆ ಎಂದು ಇಟ್ಟುಕೊಳ್ಳಿ. ಎಲ್ಲ ಕೂಡಿದರೆ 150 ರೂಪಾಯಿ. ವರ್ಷಕ್ಕೆ 1,800. ಕೇಳುವುದಕ್ಕೆ ಚೆನ್ನಾಗಿಯೇ ಇದೆ.

ಆದರೆ ಕಡಿಮೆ ಬೆಲೆಯ ದೊಡ್ಡ ಮಳಿಗೆ ಇರುವುದು ಮೈಸೂರಿನಲ್ಲಿ. ಕೆ.ಆರ್. ನಗರದಿಂದಲೇ ಮೈಸೂರಿಗೆ ಸುಮಾರು 40 ಕಿ.ಮೀ. ಮಿರ್ಲೆಯಿಂದ ಹೊರಟರೆ ಹೋಗಿ ಬರುವುದು ನೂರು ಕಿಲೋಮೀಟರಿಗೆ ಹತ್ತಿರವಾಗುತ್ತದೆ. ಬೈಕು ಲೀಟರಿಗೆ 50 ಕಿ.ಮೀ. ಕೊಟ್ಟರೂ ಎರಡು ಲೀಟರ್ ಪೆಟ್ರೋಲ್, ಅಂದರೆ 200 ರೂಪಾಯಿಯ ಮೇಲೆ. ಪ್ರತಿ ತಿಂಗಳು ಹೋದರೆ 150 ಉಳಿಸಲು 200 ಸುಟ್ಟ ಹಾಗಾಯಿತು. ಎರಡು ತಿಂಗಳಿಗೊಮ್ಮೆ ಹೋದರೆ ಒಂದು ಸಲಕ್ಕೆ ನೂರು ರೂಪಾಯಿ ಮಿಗುತ್ತದೆ. ಮೂರು ತಿಂಗಳಿಗೊಮ್ಮೆಯಾದರೆ 250, ವರ್ಷಕ್ಕೆ ಒಂದು ಸಾವಿರ. ಇದರಲ್ಲಿ 500 ರೂಪಾಯಿ ಕಾರ್ಡಿನ ಶುಲ್ಕ ಎಂದು ಕಳೆದರೆ ವರ್ಷವೆಲ್ಲ ಓಡಾಡಿದ್ದಕ್ಕೆ ಕೈಯಲ್ಲಿ ಉಳಿಯುವುದು ಐನೂರು.

ಜೂನ್ 11, 2023ರಿಂದ ‘ಶಕ್ತಿ’ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಇದು ಲೆಕ್ಕವನ್ನು ನಿಜವಾಗಿಯೂ ಬದಲಿಸಿದೆ. ಮೈಸೂರಿಗೆ ಹೋಗಿ ಸಾಮಾನು ತರುವ ಹೆಂಗಸರಿಗೆ ಪೆಟ್ರೋಲಿನ ಬಾಬ್ತು ಇಲ್ಲವೇ ಇಲ್ಲ. ಹಾಗೆಂದು ದಿನಕ್ಕೆ ಬೆಲೆ ಇಲ್ಲವೆಂದಲ್ಲ. 2025-26ರಲ್ಲಿ ನರೇಗಾ ಕೂಲಿಯೇ ದಿನಕ್ಕೆ 370 ರೂಪಾಯಿ ಇತ್ತು. ನಾಟಿ, ಕಳೆ, ಕುಯ್ಲಿನ ದಿನಗಳಲ್ಲಿ ಒಂದು ದಿನದ ಕೂಲಿ ಬಿಟ್ಟು ಬೇಳೆಯಲ್ಲಿ ಮೂವತ್ತಾರು ರೂಪಾಯಿ ಉಳಿಸುವುದು ಯಾವ ಲೆಕ್ಕಕ್ಕೂ ಬಾರದು. ಆಸ್ಪತ್ರೆಗೋ ಮಕ್ಕಳ ಕಾಲೇಜಿಗೋ ಮೈಸೂರಿಗೆ ಹೇಗೂ ಹೋಗುವ ದಿನ ಸಾಮಾನನ್ನೂ ತಂದರೆ ಅದು ಪೂರ್ತಿ ಉಳಿತಾಯ. ಹೊರೆಯ ವಿಚಾರವೂ ಇದೆ. ಮೂರು ತಿಂಗಳ ಎಣ್ಣೆ, ಬೇಳೆ, ಸಕ್ಕರೆ, ಸೋಪು ಎಲ್ಲ ಸೇರಿದರೆ ನಲವತ್ತು ಕೆ.ಜಿ. ಹತ್ತಿರ ತೂಗುತ್ತದೆ. ಬಸ್ ನಿಲ್ದಾಣದಿಂದ ಮನೆಯವರೆಗೆ ಅದನ್ನು ಹೊರುವವರು ಯಾರು ಎಂಬುದನ್ನು ಹೊರಡುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಕಡಿಮೆ ಸಲ ಹೋದಷ್ಟೂ ಉಳಿತಾಯ ಹೆಚ್ಚು ಎಂದಾಯಿತಲ್ಲ, ಆದರೆ ಕಡಿಮೆ ಸಲ ಹೋದಷ್ಟೂ ಮನೆಯಲ್ಲಿ ದಾಸ್ತಾನು ಹೆಚ್ಚು ದಿನ ಇರಬೇಕು. ದೊಡ್ಡ ಪ್ಯಾಕಿನ ಲಾಭ ಕರಗುವುದು ಇಲ್ಲಿಯೇ. ಹಳೇ ಮೈಸೂರಿನ ಮನೆಗಳಿಗೆ ದಾಸ್ತಾನು ಹೊಸದಲ್ಲ. ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟ ನಾಡು ಇದು. ರಾಗಿ ಕಾಳಿಗೆ ಹುಳು ಬೀಳುವುದು ಕಡಿಮೆ. ಆದರೆ ಅದನ್ನೇ ಬೀಸಿ ಹಿಟ್ಟು ಮಾಡಿಟ್ಟರೆ ಕೆಲವು ತಿಂಗಳಲ್ಲಿ ಕಹಿ ಹಿಡಿಯುತ್ತದೆ. ಹಾಗಾಗಿ ಕಾಳು ಮೂಟೆಯಲ್ಲಿರಲಿ, ಹಿಟ್ಟು ತಿಂಗಳಿಗಾಗುವಷ್ಟು ಇದ್ದರೆ ಸಾಕು. ತೊಗರಿಬೇಳೆಯನ್ನು ಬಿಸಿಲಿಗೆ ಹಾಕಿ, ಆರಿದ ಮೇಲೆ ಹರಳೆಣ್ಣೆ ಸವರಿ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿದರೆ ತಿಂಗಳುಗಳ ಕಾಲ ನಿಲ್ಲುತ್ತದೆ. ಹಾಗೆಯೇ ಪ್ಲಾಸ್ಟಿಕ್ ಚೀಲದಲ್ಲಿ ಬಿಟ್ಟರೆ ಆಷಾಢದ ತೇವಕ್ಕೆ ತಳದಿಂದ ಪುಡಿ ಉದುರತೊಡಗುತ್ತದೆ. ರವೆ, ಮೈದಾ ಮಳೆಗಾಲದಲ್ಲಿ ದೊಡ್ಡ ಪ್ಯಾಕ್ ತರಲೇಬಾರದು. ಸಕ್ಕರೆ, ಉಪ್ಪು, ಸೋಪು, ಬೆಂಕಿಪೊಟ್ಟಣ ಎಷ್ಟು ತಂದರೂ ಕೆಡುವುದಿಲ್ಲ. ಕಾಫಿಪುಡಿ ಕೆಡದಿದ್ದರೂ ಪರಿಮಳ ಹೋಗುತ್ತದೆ, ಪರಿಮಳ ಹೋದ ಕಾಫಿಪುಡಿ ಅಗ್ಗಕ್ಕೆ ಸಿಕ್ಕಿ ಏನು ಬಂತು? ಐದು ಲೀಟರಿನ ಎಣ್ಣೆ ಕ್ಯಾನು ಮುಚ್ಚಳ ತೆರೆದ ಮೇಲೆ ತಿಂಗಳೊಳಗೆ ಮುಗಿಯುವ ಮನೆಗೆ ಸರಿ. ಇಬ್ಬರೇ ವಯಸ್ಸಾದವರಿರುವ ಮನೆಗೆ ಒಂದೊಂದು ಲೀಟರಿನ ಪ್ಯಾಕೆಟ್ಟೇ ಸರಿ.

ಮಳಿಗೆಯೊಳಗೆ ನಿಂತಾಗ ನೋಡಬೇಕಾದ ಒಂದು ಅಂಕಿಯನ್ನು ಬಹಳ ಜನ ನೋಡುವುದೇ ಇಲ್ಲ. ಪ್ಯಾಕೆಟ್ ಮಾಡಿದ ಸಾಮಾನಿನ ಮೇಲೆ ಎಂ.ಆರ್.ಪಿ. ಜೊತೆಗೆ ಗ್ರಾಂಗೆ ಅಥವಾ ಕೆ.ಜಿ.ಗೆ, ಮಿಲಿಲೀಟರಿಗೆ ಅಥವಾ ಲೀಟರಿಗೆ ಎಷ್ಟು ಬೆಲೆ ಬೀಳುತ್ತದೆ ಎಂದೂ ಮುದ್ರಿಸಬೇಕೆಂದು 2021ರಲ್ಲಿ ಕಾನೂನು ಮಾಪನಶಾಸ್ತ್ರದ ನಿಯಮಕ್ಕೆ ತಿದ್ದುಪಡಿ ಬಂತು. ಸಣ್ಣಕ್ಷರದಲ್ಲಿ ‘ಯು.ಎಸ್.ಪಿ.’ ಎಂದಿರುತ್ತದೆ. ಉದಾಹರಣೆಗೆ, 95 ರೂಪಾಯಿಯ ಅರ್ಧ ಕೆ.ಜಿ. ಪ್ಯಾಕಿನ ಮೇಲೆ ಗ್ರಾಂಗೆ 0.19 ಎಂದಿದ್ದರೆ ಕೆ.ಜಿ.ಗೆ 190 ರೂಪಾಯಿ. ಪಕ್ಕದಲ್ಲೇ 396 ರೂಪಾಯಿಯ ಎರಡು ಕೆ.ಜಿ. ಪ್ಯಾಕಿನ ಮೇಲೆ ಕೆ.ಜಿ.ಗೆ 198 ಎಂದಿದ್ದರೆ ದೊಡ್ಡ ಪ್ಯಾಕೇ ದುಬಾರಿ. ಒಂದರಲ್ಲಿ ಗ್ರಾಂ ಲೆಕ್ಕ, ಇನ್ನೊಂದರಲ್ಲಿ ಕೆ.ಜಿ. ಲೆಕ್ಕ ಇರುವುದರಿಂದ ಕಣ್ಣು ಮೋಸ ಹೋಗುತ್ತದೆ. ಗ್ರಾಂ ಬೆಲೆಯನ್ನು ಸಾವಿರದಿಂದ ಗುಣಿಸಿ ನೋಡಬೇಕು.

ಅಕ್ಕಿ ಕೊಳ್ಳುವ ಮನೆಗಳಿಗೆ ಇನ್ನೊಂದು ವಿಷಯ. ಜುಲೈ 18, 2022ರಿಂದ 25 ಕೆ.ಜಿ.ವರೆಗಿನ, ಲೇಬಲ್ ಅಂಟಿಸಿದ ಅಕ್ಕಿ, ಬೇಳೆ, ಗೋಧಿ ಪ್ಯಾಕುಗಳಿಗೆ ಶೇ 5 ಜಿ.ಎಸ್.ಟಿ. ಬಿತ್ತು, ಅದಕ್ಕಿಂತ ದೊಡ್ಡ ಮೂಟೆಗೆ ಇಲ್ಲ. ಮಾರುಕಟ್ಟೆಯಲ್ಲಿ 26 ಕೆ.ಜಿ. ಮೂಟೆ ಕಾಣಿಸಿಕೊಂಡದ್ದು ಆಗಲೇ. ಅಕ್ಕಿ ಗಿರಣಿಗಳಿರುವ ಕೆ.ಆರ್. ನಗರದಲ್ಲಿ ಈ ಮೂಟೆಗೆ ಯಾವ ಕಾರ್ಡೂ ಬೇಕಿಲ್ಲ. ಮೈಸೂರಿನ ಸಂತೆಪೇಟೆಯ ಸಗಟು ಅಂಗಡಿಗಳಲ್ಲೂ ಯಾರೂ ಕಾರ್ಡು ಕೇಳುವುದಿಲ್ಲ. ಮೈಸೂರಿನಲ್ಲೂ ಇರುವ ಡಿ-ಮಾರ್ಟ್‌ಗೆ ಸದಸ್ಯತ್ವವೆಂಬುದೇ ಇಲ್ಲ. ಹಾಗಾಗಿ ದುಡ್ಡು ಕೇಳುವ ಯಾವ ಕಾರ್ಡೇ ಆದರೂ ಅದರ ಬೆಲೆಯನ್ನು ಊರಿನ ಅಂಗಡಿಯ ಬೆಲೆಯ ಜೊತೆಗೆ ಮಾತ್ರವಲ್ಲ, ಕಾರ್ಡಿಲ್ಲದೆ ಸಿಗುವ ಅತಿ ಕಡಿಮೆ ಬೆಲೆಯ ಜೊತೆಗೂ ತೂಗಿ ನೋಡಬೇಕು. ಮದುವೆ, ಬೀಗರೂಟ, ತಿಥಿಯಂಥ ಒಂದೇ ಸಲದ ದೊಡ್ಡ ಖರ್ಚಿಗೆ ವರ್ಷದ ಕಾರ್ಡು ಮಾಡಿಸುವ ಅಗತ್ಯವೇ ಬೀಳುವುದಿಲ್ಲ.

ಊರಿನ ಅಂಗಡಿಯವನು ಕೆ.ಜಿ.ಗೆ ಹತ್ತು ರೂಪಾಯಿ ಹೆಚ್ಚು ತೆಗೆದುಕೊಳ್ಳುವುದು ಯಾವುದಕ್ಕೆ ಎಂಬುದನ್ನೂ ಈ ಲೆಕ್ಕದಲ್ಲಿ ಸೇರಿಸಬೇಕು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ತಂಬಾಕು ಬೆಳೆಗಾರರ ಮನೆಗೆ ದೊಡ್ಡ ದುಡ್ಡು ಬರುವುದು ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದಂಥ ಕಡೆ ಹರಾಜು ನಡೆಯುವ ತಿಂಗಳುಗಳಲ್ಲಿ. ಭತ್ತದ ಸೀಮೆಯಲ್ಲಿ ಕುಯ್ಲಾದ ಮೇಲೆ. ಉಳಿದ ತಿಂಗಳುಗಳನ್ನು ನಡೆಸಿಕೊಟ್ಟದ್ದು ಊರಿನ ಅಂಗಡಿಯ ಸಾಲದ ಪುಸ್ತಕ. ದೊಡ್ಡ ಮಳಿಗೆಯಲ್ಲಿ ಬಿಲ್ಲಿಗೆ ದುಡ್ಡು ಕೊಟ್ಟ ಮೇಲೆಯೇ ಚೀಲ ಹೊರಗೆ ಬರುತ್ತದೆ. ಕೈಯಲ್ಲಿ ದುಡ್ಡಿರುವ ತಿಂಗಳಲ್ಲಿ ಕೆಡದ ಸಾಮಾನನ್ನು ಒಟ್ಟಿಗೆ ತಂದಿಟ್ಟುಕೊಂಡು, ಉಳಿದ ಕಾಲಕ್ಕೆ ಊರಿನ ಅಂಗಡಿಯನ್ನು ಉಳಿಸಿಕೊಳ್ಳುವ ಮನೆಗಳೇ ಹೆಚ್ಚು ಜಾಣ ಮನೆಗಳು.

ಆ ಅಂಗಡಿಯವನ ಲೆಕ್ಕ ಮಾತ್ರ ಬೇರೆ. ಅವನಿಗೆ ಸಗಟು ಕಾರ್ಡು ಗಿಟ್ಟುವ ಸಾಧ್ಯತೆ ಹೆಚ್ಚು, ಏಕೆಂದರೆ ತಂದದ್ದು ವಾರದಲ್ಲಿ ಖಾಲಿಯಾಗುತ್ತದೆ. ಜಿ.ಎಸ್.ಟಿ. ನೋಂದಣಿ ಇದ್ದು ನಿಯಮಿತ ಪದ್ಧತಿಯಲ್ಲಿ ತೆರಿಗೆ ಕಟ್ಟುವವನಿಗೆ ಬಿಲ್ಲಿನ ಮೇಲಿನ ತೆರಿಗೆ ಜಮೆ ಸಿಗುತ್ತದೆ. ರಾಜಿ ತೆರಿಗೆ ಪದ್ಧತಿಯವನಿಗೆ ಅದು ಸಿಗುವುದಿಲ್ಲ. ಆದರೂ ಅವನು ಒಂದನ್ನು ಹೋಲಿಸಬೇಕು: ಕಂಪನಿ ಏಜೆನ್ಸಿಯವರು ಟೆಂಪೊದಲ್ಲಿ ಅಂಗಡಿ ಬಾಗಿಲಿಗೇ ತಂದು, ಕೆಲವು ದಿನದ ಸಾಲವನ್ನೂ ಕೊಟ್ಟು, ಕೆಟ್ಟ ಮಾಲು ವಾಪಸು ತೆಗೆದುಕೊಳ್ಳುತ್ತಾರೆ. ಇವೆಲ್ಲವನ್ನು ಬಿಟ್ಟು ಬೆಂಗಳೂರಿನಿಂದ ತರುವಾಗ ಬಾಡಿಗೆ ಕಳೆದು ಎಷ್ಟು ಮಿಗುತ್ತದೆ? 2016ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಉಡಾನ್‌ನಂಥ ಆ್ಯಪ್‌ಗಳು ಬಂದ ಮೇಲೆ ಈ ಹೋಲಿಕೆ ಮೊಬೈಲಿನಲ್ಲೇ ಮಾಡಬಹುದು.

ಮನೆಯವರಿಗೆ ಸಗಟು ದರ ಬೇಕೆಂದರೆ ಕಾರ್ಡಿಗಿಂತ ಹತ್ತಿರದ ದಾರಿ ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿದೆ. ಹತ್ತು ಮನೆಯವರು ತಿಂಗಳಿಗೆ ಎಷ್ಟು ಎಣ್ಣೆ, ಬೇಳೆ, ಸಕ್ಕರೆ ಬೇಕೆಂದು ಬರೆದು ಒಂದೇ ಚೀಟಿ ಮಾಡಿದರೆ ಮೂವತ್ತು ಕೆ.ಜಿ. ಬೇಳೆ, ನಲವತ್ತು ಲೀಟರ್ ಎಣ್ಣೆ ಆಗುತ್ತದೆ. ಅಷ್ಟಕ್ಕೆ ಸಂತೆಪೇಟೆಯಲ್ಲಿ ಸಗಟು ದರ ಕೇಳಬಹುದು. ನಮ್ಮ ಲೆಕ್ಕದಂತೆ ಹತ್ತು ಮನೆಗೆ ತಿಂಗಳಿಗೆ 1,500 ರೂಪಾಯಿ ಉಳಿತಾಯ. ಅದರಲ್ಲಿ ಲಗೇಜ್ ಆಟೊದ ಬಾಡಿಗೆ ಕಳೆದು ಮಿಕ್ಕಿದರೆ ಮಾತ್ರ ಮುಂದುವರಿಸಬೇಕು. ಮಿಗದಿದ್ದರೆ ಎರಡು ತಿಂಗಳಿಗೊಮ್ಮೆ ತರುವುದು. ತೂಗಿ ಹಂಚುವಾಗ ಎಲ್ಲರೂ ಎದುರಿಗಿರಬೇಕು, ದುಡ್ಡು ಮೊದಲೇ ಬಂದಿರಬೇಕು. ಇವೆರಡು ತಪ್ಪಿದರೆ ಜಗಳ ಹೊತ್ತಿಕೊಳ್ಳುತ್ತದೆ.

ಆನ್‌ಲೈನ್ ಸದಸ್ಯತ್ವದ ಲೆಕ್ಕ ಸುಲಭ. ಅಮೆಜಾನ್ ಪ್ರೈಮ್‌ಗೆ ವರ್ಷಕ್ಕೆ 1,499 ರೂಪಾಯಿ. ಒಂದು ಆರ್ಡರಿನ ಸಾಗಣೆಗೆ 40 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 38 ಸಲವಾದರೂ ಸಣ್ಣ ಸಣ್ಣ ಸಾಮಾನು ತರಿಸಬೇಕು. ತಿಂಗಳ ಲೆಕ್ಕದ 299 ರೂಪಾಯಿ ಕಟ್ಟುವವರು ಐದು ತಿಂಗಳಲ್ಲೇ ಹತ್ತಿರ ಹತ್ತಿರ ವರ್ಷದ ದುಡ್ಡು ಮುಟ್ಟಿಸಿರುತ್ತಾರೆ. ದಸರಾ ದೀಪಾವಳಿಯ ಒಂದು ತಿಂಗಳು ಮಾತ್ರ ಕೊಳ್ಳುವ ಮನೆಗೆ ಒಂದು ತಿಂಗಳದ್ದೇ ಸಾಕು. ಸಿನಿಮಾ ನೋಡುವ ಮನೆಯಾದರೆ ಮಾತು ಬೇರೆ. ಮುಖ್ಯವಾಗಿ, ಸದಸ್ಯರಾಗುವ ಮೊದಲು ಮಿರ್ಲೆಯ ಪಿನ್‌ಕೋಡ್ ಹಾಕಿ ಸಾಮಾನು ಎಷ್ಟು ದಿನಕ್ಕೆ ಬರುತ್ತದೆ ಎಂದು ನೋಡಬೇಕು. ಬೆಂಗಳೂರಿನ ಜಯನಗರಕ್ಕೆ ಸಂಜೆಯೊಳಗೆ ಬರುವ ಪೊಟ್ಟಣ ಹಳ್ಳಿಗೂ ಅಷ್ಟೇ ಬೇಗ ಬರುತ್ತದೆಂಬ ಖಾತ್ರಿ ಇಲ್ಲ.

ತನ್ನಿಂತಾನೆ ನವೀಕರಣವಾಗುವ ಶುಲ್ಕದ ಬಗ್ಗೆ ಎಚ್ಚರ ಬೇಕು. ಅಕ್ಟೋಬರ್ 2021ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಕಾರ್ಡಿನಿಂದ ಹೀಗೆ ದುಡ್ಡು ಕಡಿತವಾಗುವ 24 ಗಂಟೆ ಮೊದಲು ಬ್ಯಾಂಕು ಸೂಚನೆ ಕಳಿಸಬೇಕು. ಬೇಡವೆಂದರೆ ಆಗಲೇ ತಡೆಯಬಹುದು. ಸೇರಿಸಿಕೊಳ್ಳುವಾಗ ಒಂದೇ ಒತ್ತು, ಬಿಡುವಾಗ ಹತ್ತು ಪುಟ ಅಲೆಸುವ ತಂತ್ರವನ್ನು ಕೇಂದ್ರ ಸರ್ಕಾರ 2023ರ ನವೆಂಬರ್‌ನ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ‘ಸದಸ್ಯರಾಗಿ, ಇನ್ನಿಬ್ಬರನ್ನು ಸೇರಿಸಿ, ಕಮಿಷನ್ ಪಡೆಯಿರಿ’ ಎಂದು ಊರಿಗೆ ಬರುವವರದ್ದು ಅಂಗಡಿಯೇ ಅಲ್ಲ. ಸೇರುವುದಕ್ಕೇ ದುಡ್ಡು ಕೇಳುವ ಇಂಥ ಸರಪಳಿಯನ್ನು 2021ರ ನೇರ ಮಾರಾಟ ನಿಯಮಗಳು ತಡೆದಿವೆ.

ಅಮೆರಿಕದಲ್ಲಿರುವ ಮಕ್ಕಳ ಕಾಸ್ಟ್‌ಕೋ ಕಾರ್ಡಿಗೆ ಬಂದರೆ, ಸೆಪ್ಟೆಂಬರ್ 2024ರಿಂದ ಮಾಮೂಲಿ ಸದಸ್ಯತ್ವ ವರ್ಷಕ್ಕೆ 65 ಡಾಲರ್, ಮೇಲಿನ ದರ್ಜೆಯ ಎಕ್ಸಿಕ್ಯುಟಿವ್ 130 ಡಾಲರ್. ಎಕ್ಸಿಕ್ಯುಟಿವ್‌ಗೆ ಖರೀದಿಯ ಶೇ 2 ವಾಪಸು ಬರುತ್ತದೆ. ಹೆಚ್ಚುವರಿ 65 ಡಾಲರ್ ಮರಳಬೇಕಾದರೆ ವರ್ಷಕ್ಕೆ 3,250 ಡಾಲರ್, ತಿಂಗಳಿಗೆ ಸುಮಾರು 271 ಡಾಲರ್ ಖರೀದಿ ಬೇಕು. ಕಾಸ್ಟ್‌ಕೋ ಬಂಕಿನ ಪೆಟ್ರೋಲ್ ಇದರಲ್ಲಿ ಸೇರುವುದಿಲ್ಲ. ಹಾಗೆಂದು ಪೆಟ್ರೋಲ್ ಲೆಕ್ಕಕ್ಕೇ ಬೇಡವೆಂದಲ್ಲ. ಗ್ಯಾಲನ್ನಿಗೆ 20 ಸೆಂಟ್ ಕಡಿಮೆ ಸಿಕ್ಕಿ, ತಿಂಗಳಿಗೆ 40 ಗ್ಯಾಲನ್ ಹಾಕಿಸುವ ಮನೆಗೆ ವರ್ಷಕ್ಕೆ 96 ಡಾಲರ್ ಉಳಿದು ಮಾಮೂಲಿ ಶುಲ್ಕ ಅದರಲ್ಲೇ ತೀರುತ್ತದೆ. ಹಾಲು, ಮೊಟ್ಟೆ, ಬಾದಾಮಿ, ಗೋಡಂಬಿ, ಮಗುವಿನ ಡಯಾಪರ್ ಅಲ್ಲಿ ಗಿಟ್ಟುವ ಸಾಮಾನು. ಸೋನಾಮಸೂರಿ, ರಾಗಿಹಿಟ್ಟು, ತೊಗರಿಬೇಳೆಗೆ ಹೆಚ್ಚಾಗಿ 1974ರಲ್ಲಿ ಶಿಕಾಗೋದಲ್ಲಿ ಶುರುವಾದ ಪಟೇಲ್ ಬ್ರದರ್ಸ್‌ನಂಥ ಭಾರತೀಯ ಅಂಗಡಿಗೇ ಹೋಗಬೇಕು. ಅಂದರೆ ಕನ್ನಡ ಮನೆಯ ಅಡುಗೆಯ ಬಹುಪಾಲು ಆ ಕಾರ್ಡಿನ ಹೊರಗೇ ಉಳಿಯುತ್ತದೆ. ಅದೇ ವಿಳಾಸದಲ್ಲಿರುವ ಇನ್ನೊಬ್ಬರಿಗೆ ಎರಡನೆಯ ಕಾರ್ಡು ಉಚಿತ. ಗೆಳೆಯರ ಕಾರ್ಡಿನಲ್ಲಿ ಒಳಗೆ ಹೋಗುವುದು ಈಗ ನಡೆಯುವುದಿಲ್ಲ. 2024ರಿಂದ ಬಾಗಿಲಲ್ಲೇ ಕಾರ್ಡು ಸ್ಕ್ಯಾನ್ ಮಾಡುವ ಯಂತ್ರ ಬಂದಿದೆ. ಸದಸ್ಯತ್ವ ತೃಪ್ತಿ ತರದಿದ್ದರೆ ಶುಲ್ಕ ವಾಪಸು ಕೊಡುವುದು ಕಾಸ್ಟ್‌ಕೋದ ಘೋಷಿತ ನಿಯಮ. ಹೊಸದಾಗಿ ಹೋದ ಮಕ್ಕಳಿಗೆ ಇದನ್ನು ಹೇಳಿಕೊಡಬೇಕು.

ಖರೀದಿಯ ಮೇಲೆ ಸದಸ್ಯನಿಗೆ ಪಾಲು ಮರಳಿಸುವುದು ಅಮೆರಿಕದವರು ಕಂಡುಹಿಡಿದದ್ದಲ್ಲ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನ ನೇಕಾರರು ಮತ್ತು ಕುಶಲಕರ್ಮಿಗಳು ಒಬ್ಬೊಬ್ಬರು ಒಂದು ಪೌಂಡ್ ಹಾಕಿ ತೆರೆದ ಸಹಕಾರಿ ಅಂಗಡಿಯಲ್ಲೇ ಅದು ಇತ್ತು. ಕರ್ನಾಟಕದಲ್ಲಿ ಸಹಕಾರದ ಹೆಜ್ಜೆ ಬಿದ್ದದ್ದು 1905ರಲ್ಲಿ, ಗದಗದ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ. 1962ರ ನಂತರ ಗ್ರಾಹಕ ಸಹಕಾರಿ ಮಳಿಗೆಗಳಿಗೆ ಕೇಂದ್ರದ ನೆರವು ಬಂತು, ಜನತಾ ಬಜಾರುಗಳು ಜನರ ಬಾಯಲ್ಲಿ ನೆಲೆಸಿದವು. ಮಿರ್ಲೆಯಂಥ ಊರಿನವರಿಗೆ ನಿಜವಾಗಿ ಗಿಟ್ಟುವ ಸದಸ್ಯತ್ವ ಇವತ್ತಿಗೂ ಆ ವಂಶದ್ದೇ: ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಶೇರು. ಜನರ ಬಾಯಲ್ಲಿ ‘ಸೊಸೈಟಿ’.

ಸೊಸೈಟಿಯ ಶೇರು ಹಣ ಪ್ರತಿ ವರ್ಷ ಕರಗಿ ಹೋಗುವ ಶುಲ್ಕವಲ್ಲ, ಸದಸ್ಯನ ಹೆಸರಿನಲ್ಲೇ ಇರುವ ಹಣ. 2023-24ರ ಬಜೆಟ್ಟಿನಲ್ಲಿ ಬಡ್ಡಿಯಿಲ್ಲದ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಕೈಗೆ ಎಷ್ಟು ಸಿಗುತ್ತದೆಂಬುದು ಜಮೀನು, ಬೆಳೆಯ ಮೇಲೆ ನಿಂತಿದೆ. ಐವತ್ತು ಸಾವಿರವೇ ಸಿಕ್ಕಿತೆನ್ನಿ. ಅದನ್ನೇ ಹೊರಗೆ ತಿಂಗಳಿಗೆ ನೂರಕ್ಕೆ ಮೂರು ಬಡ್ಡಿಗೆ ತಂದು ಹತ್ತು ತಿಂಗಳು ಇಟ್ಟುಕೊಂಡರೆ ಬಡ್ಡಿಯೇ 15,000 ರೂಪಾಯಿ. ಬೇಳೆ ಎಣ್ಣೆಯಲ್ಲಿ ಎಂಟು ವರ್ಷ ಉಳಿಸಿದರೂ ಅಷ್ಟಾಗುವುದಿಲ್ಲ. ಜೊತೆಗೆ 2022ರಲ್ಲಿ ಮತ್ತೆ ಜಾರಿಗೆ ಬಂದ ಯಶಸ್ವಿನಿ ಆರೋಗ್ಯ ಯೋಜನೆಗೆ ಸಹಕಾರ ಸಂಘದ ಸದಸ್ಯತ್ವವೇ ಬಾಗಿಲು; ಗ್ರಾಮೀಣ ಭಾಗದ ನಾಲ್ಕು ಜನರ ಕುಟುಂಬಕ್ಕೆ ವಾರ್ಷಿಕ 500 ರೂಪಾಯಿ, ಚಿಕಿತ್ಸೆಯ ಮಿತಿ 5 ಲಕ್ಷ.

ಆದರೆ ಈ ಕಾರ್ಡೂ ಪೆಟ್ಟಿಗೆಯಲ್ಲಿಟ್ಟರೆ ಕೆಲಸ ಮಾಡುವುದಿಲ್ಲ. ಸಾಲವನ್ನು ಗಡುವಿನೊಳಗೆ ಕಟ್ಟದಿದ್ದರೆ ಬಡ್ಡಿಯ ರಿಯಾಯಿತಿ ಹೋಗುತ್ತದೆ. ಮಹಾಸಭೆಗಳಿಗೆ ಹೋಗದೆ, ಸಂಘದೊಡನೆ ವ್ಯವಹಾರವನ್ನೂ ಮಾಡದೆ ಇದ್ದರೆ ಚುನಾವಣೆಯಲ್ಲಿ ಮತದ ಹಕ್ಕು ಕೈ ತಪ್ಪಬಹುದು. ತೀರಿಕೊಂಡ ಅಪ್ಪನ ಹೆಸರಿನಲ್ಲೇ ಶೇರು ಉಳಿದಿರುವ ಮನೆಗಳು ಎಷ್ಟೋ ಇವೆ. ವಾರಸುದಾರರ ಹೆಸರಿಗೆ ಅದನ್ನು ಮಾಡಿಸಿಕೊಳ್ಳಬೇಕು. ಸೊಸೈಟಿಯ ಕಾರ್ಯದರ್ಶಿಯನ್ನು ಕೇಳಬೇಕಾದದ್ದು ಇಷ್ಟು: ಶೇರು ಯಾರ ಹೆಸರಿನಲ್ಲಿದೆ, ಎಷ್ಟಿದೆ, ಡಿವಿಡೆಂಡ್ ಯಾವ ವರ್ಷದವರೆಗೆ ಜಮೆಯಾಗಿದೆ, ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ, ಯಶಸ್ವಿನಿಗೆ ಈ ಸಲ ಹಣ ಕಟ್ಟಲು ಕೊನೆಯ ದಿನ ಯಾವುದು. ಸಹಕಾರ ಕಾಯ್ದೆಯಂತೆ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 25ರೊಳಗೆ ನಡೆಯಬೇಕು. ಅದಕ್ಕೆ ಮೊದಲೇ, ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಆಧಾರ್ ಮತ್ತು ಪಹಣಿ ಹಿಡಿದು ಹೋದರೆ ಇವೆಲ್ಲಕ್ಕೂ ಒಂದೇ ಸಲಕ್ಕೆ ಉತ್ತರ ಸಿಗುತ್ತದೆ.